ಬೋಲ್ಟ್ ಕೂತರೆ ಸಾಕಾ? ಕಾರಿನ ಚಕ್ರ ಬದಲಿಸುವ ಮುಂಚಿನ ಲೆಕ್ಕ

ಮನೆಯ ಹಳೇ ಸ್ವಿಫ್ಟ್ ಕೈಗೆ ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಮೊದಲ ಆಸೆ ಅಲಾಯ್ ವೀಲ್. ಆಸೆ ತಪ್ಪಲ್ಲ ಮಾರಾಯ್ರೆ. ಆದ್ರೆ ಅಂಗಡಿಯಲ್ಲಿ ಬೋಲ್ಟ್ ಕೂತ ಮಾತ್ರಕ್ಕೆ ಚಕ್ರ ಹೊಂದಿತು ಅಂತ ಅಲ್ಲ. ಅಲ್ಲಿ ಕಾರು ಖಾಲಿ, ನೆಲ ಸಮತಟ್ಟು, ಸ್ಟಿಯರಿಂಗ್ ನೇರ. ಅದೇ ಕಾರು ಐದು ಜನ, ಡಿಕ್ಕಿ ತುಂಬ ಬ್ಯಾಗು ಹೊತ್ತು ಮಳೆಯಲ್ಲಿ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗಲೂ ಹೊಂದಬೇಕು.

1. ಟಯರಿನ ಬರಹ ಓದಿ

185/65 ಆರ್15 88ಎಚ್ ಅಂದರೆ ಟಯರಿನ ಅಗಲ 185 ಮಿ.ಮೀ., ಬದಿಗೋಡೆಯ ಎತ್ತರ ಅಗಲದ ಶೇ. 65, ರಿಮ್ 15 ಇಂಚು. 88 ಅಂದರೆ ಒಂದು ಟಯರು ಹೊರಬಲ್ಲ ಭಾರ 560 ಕೆ.ಜಿ.; ಎಚ್ ಅಂದರೆ ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಹೆಚ್ಚಿನವರು ಕಡೆಗಣಿಸುವುದು ಈ 88ನ್ನೇ. ಅದರ ಜಾಗದಲ್ಲಿ 82 ಹಾಕಿದರೆ ಸಾಮರ್ಥ್ಯ 475 ಕೆ.ಜಿ.ಗೆ ಇಳಿಯುತ್ತದೆ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಸಂಖ್ಯೆ ಬೇಡವೇ ಬೇಡ.

2. ಒಟ್ಟು ವ್ಯಾಸ ಬದಲಾಗಬಾರದು

ವ್ಯಾಸ = ರಿಮ್ ಇಂಚು × 25.4 + 2 × ಬದಿಗೋಡೆ. ಮೇಲಿನ ಟಯರಿಗೆ 381 + 240.5 = 621.5 ಮಿ.ಮೀ. ಸ್ವಿಫ್ಟ್‌ನ ಕೆಳಗಿನ ಮಾದರಿಗಳಿಗೆ ಬರುತ್ತಿದ್ದ 165/80 ಆರ್14ರದ್ದು 619.6. ರಿಮ್ ಬೇರೆ, ಎತ್ತರ ಹೆಚ್ಚುಕಡಿಮೆ ಒಂದೇ. ಕಂಪನಿಯವರೂ ಮಾಡುವುದು ಇದೇ ಲೆಕ್ಕ.

16 ಇಂಚು ಬೇಕಾದರೆ 195/55 ಆರ್16 ನೋಡಿ: 620.9. ಸರಿ ಉಂಟು. ಆದರೆ 205/60 ಆರ್16 ಹಾಕಿದರೆ 652.4, ಸುಮಾರು ಶೇ. 5 ಹೆಚ್ಚು. ಆಗ ಮೀಟರು 60 ತೋರಿಸುವಾಗ ಕಾರು ನಿಜವಾಗಿ 63ರಲ್ಲಿ ಓಡುತ್ತಿರುತ್ತದೆ. ಗೇರೂ ಭಾರ ಅನ್ನಿಸುತ್ತದೆ.

3. ರಿಮ್ಮಿನ ಮೂರು ಅಳತೆ

ಪಿಸಿಡಿ: ಬೋಲ್ಟ್‌ಗಳ ಕೇಂದ್ರ ಸೇರಿಸುವ ವೃತ್ತದ ವ್ಯಾಸ. ಸ್ವಿಫ್ಟ್‌ನದ್ದು 4×100. 4×98ರ ರಿಮ್ ಕಣ್ಣಿಗೆ ಒಂದೇ ಥರ ಕಾಣುತ್ತದೆ, ನಟ್ಟೂ ಹಿಡಿದುಕೊಳ್ಳಬಹುದು. ಆದರೆ ಆ 2 ಮಿ.ಮೀ. ವ್ಯತ್ಯಾಸ ಬೋಲ್ಟನ್ನು ಬಗ್ಗಿಸುತ್ತದೆ. ಐದು ಬೋಲ್ಟಿನ ರಿಮ್ ಅಳೆಯುವುದಾದರೆ ಒಂದನ್ನು ಬಿಟ್ಟು ಇನ್ನೊಂದು ಬೋಲ್ಟಿನ ಕೇಂದ್ರಕ್ಕಿರುವ ದೂರವನ್ನು 1.051ರಿಂದ ಗುಣಿಸಿ. ಯಾಕೆ 1.051? ಸೈನ್ 72 ಹಾಕಿ ನೋಡಿ.

ನಡುವಿನ ರಂಧ್ರ: ಸ್ವಿಫ್ಟ್ ಹಬ್ 54.1 ಮಿ.ಮೀ. ಹೊರಗಿನ ರಿಮ್ಮಿನ ರಂಧ್ರ ಇದಕ್ಕಿಂತ ದೊಡ್ಡದಿದ್ದರೆ ಹಬ್ ರಿಂಗ್ ಕೇಳಿ ಹಾಕಿಸಿ. ಇಲ್ಲದಿದ್ದರೆ ಚಕ್ರ ನಡುವಿಗೆ ಕೂರದೆ ಸ್ಟಿಯರಿಂಗ್ ನಡುಗಬಹುದು.

ಆಫ್‌ಸೆಟ್: ರಿಮ್ಮಿನ ಮಧ್ಯರೇಖೆಯಿಂದ ಹಬ್ ಮುಖಕ್ಕಿರುವ ದೂರ. 5.5 ಇಂಚು ಅಗಲ, 45 ಆಫ್‌ಸೆಟ್‌ನ ರಿಮ್ ತೆಗೆದು 6.5 ಇಂಚು, 35 ಆಫ್‌ಸೆಟ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಅಗಲದಿಂದ 12.7, ಆಫ್‌ಸೆಟ್‌ನಿಂದ 10, ಒಟ್ಟು 22.7 ಮಿ.ಮೀ. ಹೊರಗೆ ಬಂತು. ಬಿ.ಸಿ. ರೋಡಿನ ಅಂಗಡಿಯೆದುರು ಚಂದ ಕಾಣುತ್ತದೆ. ಲೋಡ್ ಬಿದ್ದಾಗ ಫೆಂಡರಿಗೆ ಉಜ್ಜುತ್ತದೆ, ಬೇರಿಂಗ್ ಮೇಲೂ ಒತ್ತಡ.

4. ನಮ್ಮ ಮಳೆ

ಅಗಲ ಟಯರು ನೀರನ್ನು ಹೆಚ್ಚು ದೂರ ಬದಿಗೆ ತಳ್ಳಬೇಕು; ನೀರು ನಿಂತ ರಸ್ತೆಯಲ್ಲಿ ಬೇಗ ತೇಲುತ್ತದೆ. ಕಾರಿಗೆ ಕಾನೂನು ಕೇಳುವ ಕನಿಷ್ಠ ಗೀರಿನ ಆಳ 1.6 ಮಿ.ಮೀ. ಅಷ್ಟು ಸವೆಯುವ ತನಕ ಕಾಯದೆ ಜೂನ್‌ಗೆ ಮುಂಚೆಯೇ ನೋಡಿಕೊಳ್ಳಿ. ಬದಿಗೋಡೆ ತೀರಾ ಗಿಡ್ಡವಾದರೆ ಹೊಂಡಕ್ಕೆ ರಿಮ್ಮೇ ಪೆಟ್ಟು ತಿನ್ನುತ್ತದೆ.

ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಕ್ಕೆ ಭಿನ್ನವಾಗುವ ಬದಲಾವಣೆಗೆ ಅಡ್ಡಿ ಹೇಳುತ್ತದೆ. ನಿಮ್ಮದೇ ಕಾರಿನ ಮೇಲಿನ ಮಾದರಿಗೆ ಕಂಪನಿ ಕೊಟ್ಟ ಅಳತೆ ಆರಿಸಿಕೊಂಡರೆ ತಲೆಬಿಸಿ ಕಡಿಮೆ.

5. ದುಡ್ಡು ಕೊಡುವ ಮುಂಚೆ

ನಾಲ್ಕು ಜನ ಗೆಳೆಯರನ್ನು ಕೂರಿಸಿ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ನಿಧಾನಕ್ಕೆ ಒಂದು ಹಂಪ್ ದಾಟಿಸಿ. ಎಲ್ಲಾದರೂ ಉಜ್ಜುವ ಸದ್ದು ಬಂದರೆ ಆ ಸೆಟ್ ಬೇಡ. ಹೊಂದಿದರೆ ಟಾರ್ಕ್ ರೆಂಚ್‌ನಿಂದಲೇ ನಟ್ ಬಿಗಿ ಮಾಡಿಸಿ, 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ. ಸ್ಟೆಪ್ನಿಯ ಅಳತೆಯನ್ನೂ ಆಗಲೇ ಕೇಳಿಕೊಳ್ಳಿ. ರಾತ್ರಿ ಘಾಟಿಯಲ್ಲಿ ಪಂಕ್ಚರ್ ಆದಾಗ ಕೇಳಿ ಪ್ರಯೋಜನ ಇಲ್ಲ.