ಮಕ್ಕಳ ಆಟಕ್ಕೆ ನೀವು ಅಂಪೈರ್ ಆಗಬೇಡಿ

ಸಂಜೆ ಹೊತ್ತು ಮಕ್ಕಳು ಬೀದಿಯಲ್ಲೋ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೋ ಕುಂಟೆಬಿಲ್ಲೆ ಆಡುತ್ತಿರುತ್ತಾರೆ. "ಏಯ್, ಗೆರೆ ತುಳಿದೆ, ನೀನು ಔಟು!" ಎಂದು ಒಂದು ದನಿ. "ಇಲ್ಲಪ್ಪ, ತುಳೀಲೇ ಇಲ್ಲ!" ಎಂದು ಇನ್ನೊಂದು. ಅಷ್ಟು ಕೇಳಿದ್ದೇ ತಡ, ಒಲೆ ಮೇಲಿನ ಸಾರನ್ನೂ ಬಿಟ್ಟು ಬಾಲ್ಕನಿಗೆ ಓಡುತ್ತೀರಿ. "ಏನ್ರೋ ಅದು ಗಲಾಟೆ? ಆಡಿದ್ದು ಸಾಕು, ಒಳಗೆ ಬನ್ನಿ!" ನಿಮ್ಮ ಕಾಳಜಿ ನನಗೆ ಗೊತ್ತು. ಆದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಗಲಾಟೆಯಲ್ಲೇ ಮಕ್ಕಳು ಒಬ್ಬರಿಗೊಬ್ಬರು ನಿಯಮ ಕಲಿಸಿಕೊಳ್ಳುತ್ತಿರುತ್ತಾರೆ. ನೀವು ನಡುವೆ ಬಾಯಿ ಹಾಕಿದಿರೋ, ಪಾಠ ಅಲ್ಲಿಗೇ ನಿಂತಿತು.

ಮೂರು ವರ್ಷದ ಕೂಸಿಗೆ ಎಂಥ ನಿಯಮ ಅಂತ ನಗಬೇಡಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರಜ್ಞ ಮೈಕೆಲ್ ಟೊಮಸೆಲ್ಲೊ ಮತ್ತು ಸಂಗಡಿಗರು ಎರಡು, ಮೂರು ವರ್ಷದ ಮಕ್ಕಳಿಗೆ ಒಂದು ಹೊಸ ಆಟ ತೋರಿಸಿಕೊಟ್ಟರು. ಆಮೇಲೆ ಒಂದು ಬೊಂಬೆಯ ಕೈಯಲ್ಲಿ ಅದನ್ನೇ ಬೇಕೆಂದು ತಪ್ಪಾಗಿ ಆಡಿಸಿದರು. ಮೂರು ವರ್ಷದವರು ಸುಮ್ಮನೆ ಕೂರಲಿಲ್ಲ, ತಕರಾರು ತೆಗೆದರು. 2008ರಲ್ಲಿ ಪ್ರಕಟವಾದ ಅಧ್ಯಯನ ಇದು. ನಿಯಮ ಅಂದರೆ ತನಗೊಬ್ಬನಿಗಲ್ಲ, ಆಡುವವರಿಗೆಲ್ಲ ಒಂದೇ ಅನ್ನುವುದು ಅಷ್ಟು ಎಳೆಯ ವಯಸ್ಸಿಗೇ ಹೊಳೆದಿರುತ್ತದೆ.

ಹಾಗಾಗಿ ಮೊದಲ ಮಾತು: ಜಗಳದ ದನಿ ಕೇಳಿದ ಕೂಡಲೇ ಓಡಬೇಡಿ, ಸ್ವಲ್ಪ ಕಾಯಿರಿ. ಒಬ್ಬ ಕೂಗುತ್ತಾನೆ, ಇನ್ನೊಬ್ಬಳು ಮತ್ತೆ ಆಡಿ ತೋರಿಸುತ್ತಾಳೆ, ಮೂರನೆಯವನು ಸಾಕ್ಷಿ ಹೇಳುತ್ತಾನೆ, ಕೊನೆಗೆ "ಆಯ್ತು, ಇದೊಂದ್ಸಲ ಬಿಡೋಣ" ಎಂದು ರಾಜಿಯಾಗುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಆ ಮಾತನ್ನು ಮಕ್ಕಳು ಕಲಿಯುವುದು ಹೀಗೆ ಜಗಳ ಆಡಿಯೇ.

ಎರಡನೆಯದು: ನಿಮ್ಮ ಮಗು ಅಳುತ್ತಾ ಬಂದರೆ "ಆ ಹುಡುಗ ಮೋಸಗಾರ, ಅವನ ಜೊತೆ ಸೇರಬೇಡ" ಎಂದು ತೀರ್ಪು ಕೊಡಬೇಡಿ. ಬಹಾರ್ ಕೊಯ್‌ಮೆನ್ ಮತ್ತು ಸಂಗಡಿಗರ 2014ರ ಅಧ್ಯಯನದಲ್ಲಿ, ಜೋಡಿಯಲ್ಲಿ ಒಂದು ಮಗುವಿಗೆ ವಸ್ತುಗಳನ್ನು ಬಣ್ಣದ ಪ್ರಕಾರ ವಿಂಗಡಿಸು ಎಂದೂ ಇನ್ನೊಂದಕ್ಕೆ ಆಕಾರದ ಪ್ರಕಾರ ವಿಂಗಡಿಸು ಎಂದೂ ಹೇಳಿಕೊಟ್ಟಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ತಿದ್ದಿದರು. "ನೀನು ಹೀಗೆ ಮಾಡಬೇಕು" ಅನ್ನುವ ಬದಲು "ಇದು ಇರೋದೇ ಹೀಗೆ" ಅನ್ನುವ ಧಾಟಿ ಪುಟ್ಟವರ ಬಾಯಲ್ಲಿ ಚೆನ್ನಾಗಿಯೇ ಕೇಳಿಬಂತು. ಅಲ್ಲಿ ಯಾರು ಮೋಸ ಮಾಡಿದರು ಹೇಳಿ? ನಮ್ಮ ಚೌಕಾಬಾರದಲ್ಲೂ ಅಷ್ಟೇ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಕೆಲವು ಮನೆಗಳಲ್ಲಿ, ಹೋಗಬಹುದು ಎಂದು ಕೆಲವು ಮನೆಗಳಲ್ಲಿ. ಆದ್ದರಿಂದ ಆಟ ಶುರುವಾಗುವ ಮೊದಲೇ "ಯಾರ ಮನೆ ರೂಲ್ಸು?" ಎಂದು ಕೇಳಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಮೂರನೆಯದು: ಬೆದರಿಸುವುದಕ್ಕಿಂತ ಕಾರಣ ಹೇಳುವುದನ್ನು ರೂಢಿ ಮಾಡಿಸಿ. "ಟೂ ಬಿಡ್ತೀನಿ", "ನಿಂಗೆ ಆಟ ಇಲ್ಲ", "ಅಮ್ಮಂಗೆ ಹೇಳ್ತೀನಿ" ಇವು ಮಕ್ಕಳ ಕೈಗೆ ಮೊದಲು ಸಿಗುವ ಅಸ್ತ್ರಗಳು. ತಪ್ಪೇನಿಲ್ಲ, ಆದರೆ ಅವು ಆ ಹೊತ್ತಿಗಷ್ಟೇ. "ನೀನು ಸಾಲು ಬಿಟ್ಟು ನುಗ್ಗಿದರೆ ಪಾಪ, ಅವಳ ಸರದಿ ಯಾವಾಗ ಬರಬೇಕು?" ಅನ್ನುವ ಮಾತು ಮನಸ್ಸಿಗೆ ಇಳಿಯುತ್ತದೆ. ಆದರೆ ಅದನ್ನು ಮಗು ಎಲ್ಲಿಂದ ಕಲಿಯಬೇಕು? ನೀವು ದಿನವಿಡೀ "ಹೇಳಿದಷ್ಟು ಮಾಡು" ಎಂದು ಗದರಿಸುತ್ತಿದ್ದರೆ ಅದೂ ಗೆಳೆಯರನ್ನು ಹಾಗೆಯೇ ಗದರಿಸುತ್ತದೆ.

ನಾಲ್ಕನೆಯದು: ದೂರು ಹೇಳುವ ಮಗುವಿಗೆ "ಚಾಡಿಕೋರ" ಎಂದು ಹಣೆಪಟ್ಟಿ ಹಚ್ಚಬೇಡಿ. "ಅವನು ನನ್ನ ಬಳಪ ತಗೊಂಡ" ಅಂದರೆ "ನೀನೇನು ಹೇಳಿದೆ ಅವನಿಗೆ?" ಎಂದು ಕೇಳಿ ಕಳಿಸಿ. "ಅವನು ನೀರಿನ ಸಂಪಿನ ಮುಚ್ಚಳ ತೆಗೀತಿದಾನೆ" ಅಂದರೆ ಮಾತ್ರ ಎದ್ದು ಓಡಿ. ಹೊಡೆದಾಟವಾದಾಗ, ಹಲವರು ಸೇರಿ ಒಬ್ಬರನ್ನು ಹಣಿಯುವಾಗ, ಒಂದೇ ಮಗುವನ್ನು ದಿನಾ ಆಟದಿಂದ ಹೊರಗಿಡುವಾಗ ದೊಡ್ಡವರು ನಡುವೆ ಬರಲೇಬೇಕು. ಅತಿಯಾದರೆ ಅಮೃತವೂ ವಿಷ. ನಿಯಮದ ಹೆಸರಿನಲ್ಲಿ ದಬ್ಬಾಳಿಕೆ ಮಾಡುವ ಪುಟ್ಟ ದೊಣ್ಣೆನಾಯಕರೂ ಇರುತ್ತಾರೆ.

ಅಂಥವರಿಗೆ ನಮ್ಮ ಹಳೆಯ ಉಪಾಯವೊಂದನ್ನು ನೆನಪಿಸಿ: "ಆಟಕ್ಕುಂಟು ಲೆಕ್ಕಕ್ಕಿಲ್ಲ." ತೀರಾ ಚಿಕ್ಕ ತಮ್ಮನೋ ತಂಗಿಯೋ ಗುಂಪಿನಲ್ಲಿದ್ದರೆ ಓಡಲಿ, ಕುಣಿಯಲಿ, ಔಟ್ ಮಾತ್ರ ಇಲ್ಲ. ನಿಯಮವೂ ಉಳಿಯಿತು, ಮಗುವೂ ನಕ್ಕಿತು. ಇದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ, ಮಕ್ಕಳೇ ಮಕ್ಕಳಿಗೆ ದಾಟಿಸಿಕೊಂಡು ಬಂದದ್ದು.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಏನೂ ಗೊತ್ತಿಲ್ಲದವರಂತೆ ಮಕ್ಕಳ ಮುಂದೆ ಕೂತು, ಗೋಲಿ ಆಡುವುದು ಹೇಗೆ ಹೇಳಿಕೊಡಿ ಅನ್ನುತ್ತಿದ್ದರು. ಹಾಗೆ ಕಂಡುಕೊಂಡದ್ದನ್ನು 1932ರಲ್ಲಿ ಪುಸ್ತಕ ಮಾಡಿದರು. ಚಿಕ್ಕವರಿಗೆ ನಿಯಮ ಎಂದರೆ ದೊಡ್ಡವರು ಇಟ್ಟದ್ದು, ಮುಟ್ಟಬಾರದ್ದು. ಬೆಳೆದಂತೆ ಅದು ಎಲ್ಲರೂ ಒಪ್ಪಿ ಮಾಡಿಕೊಂಡದ್ದು, ಒಪ್ಪಿದರೆ ಬದಲಿಸಬಹುದಾದದ್ದು ಎಂದು ತಿಳಿಯುತ್ತದೆ. ಭಾನುವಾರ ನೀವೂ ಮೊಬೈಲ್ ಪಕ್ಕಕ್ಕಿಟ್ಟು ಅರ್ಧ ಗಂಟೆ ಹಾಗೆ ಕೂತು ನೋಡಿ. ಮಗು ಮನಸ್ಸಿಗೆ ಬಂದಂತೆ ರೂಲ್ಸು ಬದಲಿಸಿದರೆ ಗದರಬೇಡಿ, "ಇದು ನಂಗೂ ಅನ್ವಯಿಸುತ್ತಾ?" ಎಂದಷ್ಟೇ ಕೇಳಿ.

ಕೊನೆಯದು, ಸ್ವಲ್ಪ ಖಾರವಾದದ್ದು. ಸ್ಕೂಟರಿನಲ್ಲಿ ಮುಂದೆ ನಿಂತ ಮಗು "ಅಪ್ಪಾ, ರೆಡ್ ಇದೆ" ಅನ್ನುತ್ತದೆ. ನೀವು "ಪೊಲೀಸ್ ಇಲ್ಲ, ಸುಮ್ನಿರು" ಎಂದು ನುಗ್ಗುತ್ತೀರಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಯಾರೂ ನೋಡದಿದ್ದರೆ ನಿಯಮವಿಲ್ಲ ಎಂಬ ಪಾಠ ಅಲ್ಲಿ ಪುಕ್ಕಟೆಯಾಗಿ ಆಯಿತು. ಇನ್ನು ಮೇಲಾದರೂ ಮಗು ತಿದ್ದಿದಾಗ "ದೊಡ್ಡವರಿಗೆ ಎದುರು ಮಾತಾಡಬೇಡ" ಅನ್ನಬೇಡಿ. "ಹೌದಲ್ವಾ, ನೀನು ಹೇಳಿದ್ದೇ ಸರಿ" ಎಂದು ಬ್ರೇಕ್ ಹಾಕಿ. ಅಪ್ಪ ಅಮ್ಮ ತಪ್ಪು ಒಪ್ಪಿಕೊಂಡದ್ದನ್ನು ಕಂಡ ಮಗು, ನಾಳೆ ಗೆಳೆಯ ತಿದ್ದಿದಾಗ ಮುಖ ಊದಿಸಿಕೊಂಡು ಮನೆಗೆ ಓಡಿ ಬರುವುದಿಲ್ಲ.