ಸರ್ಕಾರಿ ಪದವಿಯ ಅಸಲು ಎಷ್ಟು?

ಓದುಗರೊಬ್ಬರು ಕೇಳಿದ್ದಾರೆ: “ಮಗಳನ್ನು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಿ.ಕಾಂ.ಗೆ ಸೇರಿಸಬೇಕು ಅಂತಿದ್ದೇನೆ. ಹಾಕಿದ ದುಡ್ಡು ಹುಟ್ಟುತ್ತದಾ ಮೇಡಂ?”

ಬ್ಯಾಂಕಿನಲ್ಲಿ ಕೂತು ಶಿಕ್ಷಣ ಸಾಲದ ಅರ್ಜಿ ನೋಡುವ ನನಗೆ ಈ ಪ್ರಶ್ನೆ ನಾನಾ ವೇಷದಲ್ಲಿ ಎದುರಾಗುತ್ತಿರುತ್ತದೆ. ಸರ್ಕಾರಿ ಕಾಲೇಜಿನ ಮಟ್ಟಿಗೆ ತೊಡಕಿರುವುದು ಪ್ರಶ್ನೆಯಲ್ಲೇ. ಅಲ್ಲಿ ಹಾಕುವ ದುಡ್ಡೇ ಅಷ್ಟಿಲ್ಲ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ, ಝೆರಾಕ್ಸು ಎಲ್ಲ ಸೇರಿ ಮೂರು ವರ್ಷಕ್ಕೆ 30 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಪದವಿಯ ದೆಸೆಯಿಂದ ತಿಂಗಳಿಗೆ ಬರೀ ಐದು ಸಾವಿರ ಹೆಚ್ಚು ಸಂಬಳ ಸಿಕ್ಕರೂ ವರ್ಷಕ್ಕೆ 60 ಸಾವಿರ, ಅಂದರೆ ಶೇ 200ರ ಪ್ರತಿಫಲ. ಠೇವಣಿಗೆ ಇಷ್ಟು ಬಡ್ಡಿ ಕೊಡುತ್ತೇನೆ ಅಂದವನನ್ನು ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಕೆಲಸವೇ ಸಿಗಲಿಲ್ಲ ಅಂತಿಟ್ಟುಕೊಳ್ಳಿ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಸಿಗುತ್ತದೆ. ಒಟ್ಟು 72 ಸಾವಿರ. ಮನೆಯಲ್ಲಿ ಸುಮ್ಮನೆ ಕೂತವರಿಗೂ ಹಾಕಿದ್ದಕ್ಕೆ ಎರಡು ಪಟ್ಟಿಗಿಂತ ಹೆಚ್ಚು! ಇಂಥ ಉತ್ತರ ಕೊಡುವ ಲೆಕ್ಕವನ್ನು ನಂಬಿ ಯಾರೂ ಮಕ್ಕಳ ಭವಿಷ್ಯ ತೀರ್ಮಾನಿಸಬಾರದು. ಅಸಲು ತೀರಾ ಚಿಕ್ಕದಿದ್ದಾಗ ಶೇಕಡಾವಾರು ಮನಸ್ಸಿಗೆ ಬಂದ ಹಾಗೆ ಕುಣಿಯುತ್ತದೆ.

ಹಾಗಾದರೆ ನಿಜವಾದ ಅಸಲು ಯಾವುದು? ಇದಕ್ಕೆ ಸರ್ಕಾರವೇ ಒಂದು ಅಳತೆಗೋಲು ಇಟ್ಟುಕೊಂಡಿದೆ. ದ್ವಿತೀಯ ದರ್ಜೆ ಸಹಾಯಕರ (ಎಸ್‌ಡಿಎ) ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಹುದ್ದೆಗೆ ಪದವಿ ಬೇಕು. ಏಳನೇ ರಾಜ್ಯ ವೇತನ ಆಯೋಗದ ನಂತರ ಎಸ್‌ಡಿಎ ಆರಂಭಿಕ ಮೂಲ ವೇತನ 34,100 ರೂಪಾಯಿ, ಎಫ್‌ಡಿಎದು 44,425. ನಡುವಿನ 10,325 ರೂಪಾಯಿಯೇ ಸರ್ಕಾರದ ಕಣ್ಣಲ್ಲಿ ಒಂದು ಪದವಿಯ ತಿಂಗಳ ಬೆಲೆ. ವರ್ಷಕ್ಕೆ 1,23,900.

ಈಗ ಇಬ್ಬರನ್ನು ಎದುರುಬದುರು ನಿಲ್ಲಿಸೋಣ. ಒಬ್ಬಳು ಪಿಯುಸಿ ಮುಗಿಸಿ 18ಕ್ಕೇ ಎಸ್‌ಡಿಎ ಆದಳು. ಇನ್ನೊಬ್ಬಳು ಪದವಿ ಓದಿ 21ಕ್ಕೆ ಎಫ್‌ಡಿಎ ಆದಳು. ಆ ಮೂರು ವರ್ಷದಲ್ಲಿ ಮೊದಲನೆಯವಳು ಎಣಿಸಿಕೊಂಡ ಮೂಲ ವೇತನವೇ 12,27,600 ರೂಪಾಯಿ. ವರ್ಷಕ್ಕೆ 1,23,900ರಂತೆ ಆ ಅಂತರವನ್ನು ಎರಡನೆಯವಳು ತುಂಬಿಕೊಳ್ಳಲು ಹತ್ತು ವರ್ಷಕ್ಕೆ ಒಂದೇ ತಿಂಗಳು ಕಡಿಮೆ. ಅಲ್ಲಿಗೆ ವಯಸ್ಸು ಮೂವತ್ತೊಂದು. ಬಡ್ತಿ, ವಾರ್ಷಿಕ ವೇತನ ಬಡ್ತಿ, ತುಟ್ಟಿಭತ್ಯೆ ಯಾವುದನ್ನೂ ನಾನಿಲ್ಲಿ ಸೇರಿಸಿಲ್ಲ. ಎಸ್‌ಡಿಎ ಆದವರೂ ಮುಂದೆ ಬಡ್ತಿಯಲ್ಲಿ ಎಫ್‌ಡಿಎ ಆಗುತ್ತಾರೆ ಅನ್ನುವುದನ್ನು ಸೇರಿಸಿದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಇದರಲ್ಲಿ ಕಾಲೇಜಿನ ಶುಲ್ಕ ಎಲ್ಲಿ ಹೋಯಿತು? ಆ 30 ಸಾವಿರವನ್ನು ಸೇರಿಸಿ ನೋಡಿ, ಹತ್ತು ವರ್ಷದ ಮೇಲೆ ಮೂರು ತಿಂಗಳೂ ಹೆಚ್ಚಾಗುವುದಿಲ್ಲ. ಅದೇ, ಪದವಿ ಮುಗಿದ ಮೇಲೆ ಒಂದು ವರ್ಷ ಸುಮ್ಮನೆ ಕಾಯಬೇಕಾಗಿ ಬಂದರೆ ತುಂಬಿಕೊಳ್ಳುವ ಅವಧಿ ಮೂರು ವರ್ಷ ಮೂರು ತಿಂಗಳಿಗೂ ಮಿಕ್ಕಿ ಮುಂದಕ್ಕೆ ಹೋಗುತ್ತದೆ. ಸರ್ಕಾರಿ ಕಾಲೇಜಿನಲ್ಲಿ ನಾವು ಕಟ್ಟುವ ಅಸಲು ವರ್ಷಗಳ ಲೆಕ್ಕದ್ದು. ಅದಕ್ಕೆ ರಸೀದಿ ಇಲ್ಲದ್ದರಿಂದ ಯಾರೂ ಬರೆದಿಡುವುದಿಲ್ಲ.

ನನ್ನ ಲೆಕ್ಕವನ್ನೇ ಹೇಳುತ್ತೇನೆ. 1995ರಲ್ಲಿ ನಾನೂ ನನ್ನ ಚಿಕ್ಕಪ್ಪನ ಮಗನೂ ಒಟ್ಟಿಗೆ ಎಸ್ಸೆಸ್ಸೆಲ್ಸಿ ಪಾಸಾದೆವು. ಅವನು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ 1998ರಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ತಿಂಗಳಿಗೆ 2,800 ರೂಪಾಯಿಗೆ ಸೇರಿದ. ನಾನು ಪಿಯುಸಿ, ಬಿ.ಕಾಂ., ಎಂ.ಕಾಂ. ಎಂದು 2002ರವರೆಗೆ ಓದಿದೆ. ಅಷ್ಟರಲ್ಲಿ ಅವನು ಒಂದೂವರೆ ಲಕ್ಷದ ಮೇಲೆ ದುಡಿದಿದ್ದ. ಬಂದ ದುಡ್ಡಲ್ಲಿ ಚಿಕ್ಕಪ್ಪನ ಮನೆಯ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದ್ದ. ಹಬ್ಬಕ್ಕೆ ಊರಿಗೆ ಹೋದರೆ ಅಜ್ಜಿ ನಮ್ಮಿಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ತೂಗುತ್ತಿದ್ದಳು, ಬಾಯಿ ಬಿಟ್ಟೇ.

ಆದರೆ ಅಜ್ಜಿಯ ತೂಕದಲ್ಲಿ ಒಂದು ಕಲ್ಲು ತಪ್ಪಿತ್ತು. ನಾನು ಓದು ಬಿಟ್ಟಿದ್ದರೆ ಪೀಣ್ಯಕ್ಕೆ ಕಳಿಸುವವರು ಯಾರೂ ಇರಲಿಲ್ಲ. ಇಪ್ಪತ್ತರೊಳಗೆ ಮದುವೆ, ಆಮೇಲೆ ಸಂಬಳವಿಲ್ಲದ ದುಡಿಮೆ. ಅವನು ಕಾಲೇಜಿಗೆ ಹೋಗಿದ್ದರೆ ತಿಂಗಳಿಗೆ 2,800 ಬಿಟ್ಟುಕೊಡಬೇಕಿತ್ತು. ನನಗೆ ಬಿಟ್ಟುಕೊಡಲು ಏನೂ ಇರಲೇ ಇಲ್ಲ. ಅದೇ ಕಾಲೇಜು, ಅದೇ ಶುಲ್ಕ, ಹುಡುಗನಿಗೆ ಒಂದು ಅಸಲು, ಹುಡುಗಿಗೆ ಇನ್ನೊಂದು. ಪತ್ರ ಬರೆದ ತಂದೆ ತಮ್ಮ ಮಗಳ ಬಗ್ಗೆ ಕೇಳಿಕೊಳ್ಳಬೇಕಾದ್ದೂ ಇದೇ: ಕಾಲೇಜಿಗೆ ಹೋಗದಿದ್ದರೆ ಅವಳು ಆ ಮೂರು ವರ್ಷ ಏನು ಮಾಡುತ್ತಾಳೆ?

ವಿಶ್ವವಿದ್ಯಾಲಯ ನನ್ನಿಂದ ವಸೂಲಿ ಮಾಡಿದ್ದು ಕೊನೆಯಲ್ಲಿ. ಅದರ ಹೆಸರು ಬೇಡ. ಎಂ.ಕಾಂ. ಎರಡು ವರ್ಷದ ಶುಲ್ಕ ಎಲ್ಲ ಸೇರಿ ಹತ್ತು ಸಾವಿರ ದಾಟಿರಲಿಲ್ಲ. ಆದರೆ ಕೊನೆಯ ಸೆಮಿಸ್ಟರಿನ ಫಲಿತಾಂಶ, ಅಂಕಪಟ್ಟಿ ಕೈಗೆ ಬರುವಾಗ ಐದು ತಿಂಗಳು ತಡ. 6,500 ರೂಪಾಯಿಯ ಕೆಲಸವೊಂದು ಅಂಕಪಟ್ಟಿಗಾಗಿ ಕಾಯುತ್ತಿತ್ತು. ನಾನು ಆಡಿಟರ್ ಆಫೀಸಿನಲ್ಲಿ 2,000ಕ್ಕೆ ವೋಚರ್ ಜೋಡಿಸುತ್ತಿದ್ದೆ. ಕಳಕೊಂಡದ್ದು 22,500. ಎರಡು ವರ್ಷ ಓದಿಸಿದ್ದಕ್ಕೆ ತೆಗೆದುಕೊಂಡದ್ದರ ಎರಡು ಪಟ್ಟಿಗೂ ಹೆಚ್ಚು, ಅಂಕಪಟ್ಟಿ ಮುದ್ರಿಸದೆ ಇದ್ದುದಕ್ಕೆ ಹೋಯಿತು.

ಸಮಯ ಸೋರುವ ಕಿಂಡಿಗಳು ಈಗಲೂ ಇವೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರು ಮುಷ್ಕರ ಹೂಡಿದಾಗೆಲ್ಲ ಪಾಠ ನಿಲ್ಲುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. 2022ರ ಆರಂಭದಲ್ಲಿ ಗೌರವಧನ ಏರಿಸಿದಾಗ, ಯುಜಿಸಿ ಅರ್ಹತೆಯೂ ಐದು ವರ್ಷಕ್ಕೆ ಮೀರಿದ ಸೇವೆಯೂ ಇದ್ದವರಿಗೆ ನಿಗದಿಯಾದದ್ದು ತಿಂಗಳಿಗೆ 32 ಸಾವಿರ. ಪದವಿಯ ಪ್ರತಿಫಲ ಎಷ್ಟು ಎಂದು ಕೇಳುವ ವಿದ್ಯಾರ್ಥಿ ಕರಿಹಲಗೆಯ ಮುಂದೆ ನಿಂತವರನ್ನೇ ನೋಡಬಹುದು. ಇನ್ನು ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಬಾಡಿಗೆ ಕೋಣೆಗಳು. ಪದವಿ ಪುಕ್ಕಟೆ ಎಂದು ನಂಬಿದ ಮನೆಗಳು ಅದರ ನಿಜವಾದ ಕಂತು ಕಟ್ಟುವುದು ಅಲ್ಲಿ: ಕೋಣೆ ಬಾಡಿಗೆ, ಮೆಸ್ಸು, ಕೋಚಿಂಗು, ಜೊತೆಗೆ ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗಿನ ವಯಸ್ಸು. ಕೆಪಿಎಸ್‌ಸಿ 2024ರಲ್ಲಿ ಕರೆದದ್ದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ. ಪ್ರಶ್ನೆಪತ್ರಿಕೆಯ ಅನುವಾದದ ಎಡವಟ್ಟಿನಿಂದ ಪೂರ್ವಭಾವಿ ಪರೀಕ್ಷೆಯನ್ನು ಎರಡನೇ ಸಲ ಬರೆಸಿದರು. ಆ ಕಾಯುವಿಕೆಯ ಬಾಡಿಗೆ ಕಟ್ಟಿದವರು ಅಭ್ಯರ್ಥಿಗಳು.

ಖಾಸಗಿಗೆ ಹೋದರೆ ಇದೆಲ್ಲ ತಪ್ಪುತ್ತದಾ? ಕೆಲವು ತಪ್ಪುತ್ತವೆ, ಆದರೆ ಅದರ ದರ ನೋಡಿ. ಸಿಇಟಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಸೀಟು ಸಿಕ್ಕ ಹುಡುಗ ಅದನ್ನು ಬಿಟ್ಟು ವರ್ಷಕ್ಕೆ 3 ಲಕ್ಷ ಹೆಚ್ಚು ಕೊಟ್ಟು ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಹೋದ ಅನ್ನಿ. ಆ 12 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿ. ಓದುವ ನಾಲ್ಕು ವರ್ಷ, ಮೇಲೊಂದು ವರ್ಷ ಕಂತು ಇಲ್ಲ. ಬಡ್ಡಿ ಮಾತ್ರ ಓಡುತ್ತಿರುತ್ತದೆ. ಸರಳ ಬಡ್ಡಿಯೇ 4.2 ಲಕ್ಷ. ಅಲ್ಲಿಗೆ 16.2 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೆ ಕಂತು ಸುಮಾರು 17,400 ರೂಪಾಯಿ. ಕೈಗೆ ಬರುವ ಸಂಬಳ ಸರ್ಕಾರಿ ಕಾಲೇಜಿನವನಿಗಿಂತ ಹದಿನೈದು ವರ್ಷವೂ ಅಷ್ಟು ಹೆಚ್ಚಿರಬೇಕು. ಅಷ್ಟಾದರೆ ಇಬ್ಬರೂ ಸಮಸಮ, ಲಾಭ ಇನ್ನೂ ಶುರುವಾಗಿಲ್ಲ.

ಇಲ್ಲಿ ಬ್ರೋಷರ್‌ನವರು ಪ್ಲೇಸ್‌ಮೆಂಟ್ ಅಂಕಿ ತೋರಿಸುತ್ತಾರೆ. ಅಮೆರಿಕದ ಸ್ಟೇಸಿ ಡೇಲ್, ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕರೂ ಅಷ್ಟೇನೂ ಹೆಸರಿಲ್ಲದ ಕಾಲೇಜಿಗೆ ಸೇರಿದವರ ಗಳಿಕೆ, ದೊಡ್ಡ ಕಾಲೇಜಿಗೇ ಹೋದವರಿಗಿಂತ ಸರಾಸರಿಯಲ್ಲಿ ಕಡಿಮೆಯೇನೂ ಇರಲಿಲ್ಲ. ಸಂಬಳ ತಂದುಕೊಟ್ಟದ್ದು ಬಹುಪಾಲು ಹುಡುಗರ ಕಸುವೇ. ಬಡ ಮನೆಯಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭವಾಗಿತ್ತು; ಅದನ್ನು ಬಿಟ್ಟು ಹೇಳಿದರೆ ಅಧ್ಯಯನವನ್ನು ಅರ್ಧ ಹೇಳಿದ ಹಾಗೆ.

ಬ್ರೋಷರ್ ಬದಲು ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ಗಾಗಿ ಕಾಲೇಜು ಸಲ್ಲಿಸಿದ ಮಾಹಿತಿಯನ್ನು ತೆಗೆದು ನೋಡಿ. ಅತಿ ಹೆಚ್ಚು ಪ್ಯಾಕೇಜ್ ಎಷ್ಟು ಅನ್ನುವುದು ಬೇಡ. ಕೆಲಸ ಸಿಕ್ಕವರ ಮಧ್ಯಮಾಂಕ ಸಂಬಳ ಎಷ್ಟು, ಸೇರಿದವರಲ್ಲಿ ಎಷ್ಟು ಮಂದಿ ನಿಗದಿತ ಅವಧಿಯೊಳಗೆ ಪಾಸಾದರು, ಇವೆರಡನ್ನು ನೋಡಿ. ಎರಡನೆಯದನ್ನು ಕೇಳುವ ಪಾಲಕರು ನನಗೆ ಇನ್ನೂ ಸಿಕ್ಕಿಲ್ಲ.

ಕಳೆದುಕೊಳ್ಳುವ ವರ್ಷಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿರುವುದು, ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಾರೂ ಹೆಮ್ಮೆಯಿಂದ ಹೆಸರು ಹೇಳದ ಒಂದು: ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ನಮ್ಮ ಲೆಕ್ಕದ ಆ ಎಸ್‌ಡಿಎ ಹುಡುಗಿ ಕೆಲಸದಲ್ಲಿದ್ದುಕೊಂಡೇ ಅಲ್ಲಿ ಬಿ.ಕಾಂ. ಓದಿ ಎಫ್‌ಡಿಎ ಪರೀಕ್ಷೆ ಬರೆದರೆ 12 ಲಕ್ಷದ ಕಂದಕ ಬೀಳುವುದೇ ಇಲ್ಲ.

ಪೀಣ್ಯದ ನನ್ನ ತಮ್ಮನ ಮಗಳೂ ಈ ವರ್ಷ ಪಿಯುಸಿ ಕಾಮರ್ಸ್ ಮುಗಿಸಿದಳು. ಅವನೂ ಫೋನ್ ಮಾಡಿದ್ದ. ಸರ್ಕಾರಿ ಕಾಲೇಜಿಗೇ ಸೇರಿಸು ಅಂದೆ. ಖಾಸಗಿಗೆಂದು ತೆಗೆದಿಟ್ಟ ದುಡ್ಡನ್ನು ಮುಟ್ಟಬೇಡ, ಅವಳ ಹೆಸರಲ್ಲಿ ಎಫ್‌ಡಿ ಮಾಡು. ಫಲಿತಾಂಶ ತಡವಾದರೆ, ಕೆಲಸ ತಡವಾದರೆ, ಸಿಕ್ಕಿದ್ದಕ್ಕೆ ಸೇರಿಕೊಳ್ಳದೆ ಒಂದು ವರ್ಷ ತಡೆದುಕೊಳ್ಳಲು ಅದು ಬೇಕಾಗುತ್ತದೆ ಅಂದೆ. ಸಿಎ ಫೌಂಡೇಷನ್ ಕಟ್ಟುವುದಿದ್ದರೂ ಅದರಲ್ಲೇ ಆಗುತ್ತದೆ.

ಸ್ವಲ್ಪ ಹೊತ್ತು ಯೋಚಿಸಿ ಅವನು ಎತ್ತಿದ ಆಕ್ಷೇಪ ಒಂದೇ. “ಅಲ್ಲಕ್ಕಾ, ಅಲ್ಲಿಗೆ ಕಾಲೇಜ್ ಬಸ್ ಇಲ್ವಲ್ಲ?”

“ಸರ್ಕಾರಿ ಬಸ್ ಇದೆಯಲ್ಲೋ. ಅವಳಿಗೆ ಟಿಕೆಟ್ಟೂ ಇಲ್ಲ.”