ಕಲ್ಲು ತೀರದಲ್ಲಿ ದೊಡ್ಡ ಮೀನು: ಹುಸಿ ಎರೆಯ ಗಾಳಕ್ಕೆ ತಕ್ಕ ಸಲಕರಣೆಗಳ ಆಯ್ಕೆ

ಭಾರತದ ಕರಾವಳಿಯು ಎಲ್ಲೆಡೆಯೂ ಮರಳಿನ ತೀರವಲ್ಲ. ಮುಂಬಯಿಯಿಂದ ದಕ್ಷಿಣಕ್ಕೆ ರಾಯಗಡ, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ಉದ್ದಕ್ಕೂ ಕಪ್ಪು ಶಿಲೆ ಹಾಗೂ ಜಂಬಿಟ್ಟಿಗೆಯ ಚಾಚುಗಳು ಸಮುದ್ರಕ್ಕೆ ಇಳಿದಿವೆ. ಕರ್ನಾಟಕದ ಗೋಕರ್ಣ, ಮುರುಡೇಶ್ವರ, ಕಾಪು, ಸೋಮೇಶ್ವರಗಳಲ್ಲಿಯೂ, ಪೂರ್ವದ ವಿಶಾಖಪಟ್ಟಣದಲ್ಲಿಯೂ, ದಕ್ಷಿಣದ ತುದಿಯ ಕನ್ಯಾಕುಮಾರಿಯಲ್ಲಿಯೂ ಬಂಡೆಗಳು ಅಲೆಗೆ ಎದುರಾಗಿ ನಿಂತಿವೆ. ಚೆನ್ನೈನಂತಹ ಮರಳು ತೀರದ ನಗರಗಳಲ್ಲಿ ಅಲೆಯನ್ನು ತಡೆಯಲು ಕಟ್ಟಿದ ಕಲ್ಲಿನ ಗೋಡೆಗಳು ಇದೇ ಬಗೆಯ ನೆಲೆಗಳಾಗಿವೆ. ಇಂತಹ ಕಡೆ ಅಲೆಯು ಒಡೆದು ನೊರೆಯಾಗುವ ನೀರಿನಲ್ಲಿ ಸಣ್ಣ ಮೀನುಗಳು ದಿಕ್ಕುಗೆಡುತ್ತವೆ. ಅವುಗಳನ್ನು ಹಿಡಿಯಲು ದೊಡ್ಡ ಮೀನುಗಳು ದಡದ ಅಂಚಿನವರೆಗೂ ಬರುತ್ತವೆ.

ಸಣ್ಣ ಮೀನಿನ ರೂಪ ಮತ್ತು ಚಲನೆಯನ್ನು ಅನುಕರಿಸುವ, ಮರ, ಪ್ಲಾಸ್ಟಿಕ್ ಅಥವಾ ಲೋಹದಿಂದ ಮಾಡಿದ ಕೃತಕ ಎರೆಗೆ ಲ್ಯೂರ್ ಎಂದು ಹೆಸರು. ಈ ಪಾಠದಲ್ಲಿ ಅದನ್ನು ಹುಸಿ ಎರೆ ಎಂದು ಕರೆಯಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ನಗರವಾಸಿಗಳು ರಜಾದಿನಗಳಲ್ಲಿ ಹುಸಿ ಎರೆಯ ಗಾಳ ಹಿಡಿದು ಬಂಡೆಗಳಿಗೆ ಹೋಗುವುದು ಹೆಚ್ಚಾಗಿದೆ. ಅವರಲ್ಲಿ ಬಹುಮಂದಿ ಮೊದಲು ಅಂಗಡಿಯಲ್ಲಿ ಕಣ್ಣಿಗೆ ಹಿಡಿಸಿದ ಕೋಲನ್ನು ಕೊಂಡು, ಅನಂತರ ಅದಕ್ಕೆ ಸ್ಥಳವನ್ನು ಹುಡುಕುತ್ತಾರೆ. ಈ ಕ್ರಮವು ತಲೆಕೆಳಗಾದುದು. ಕಲ್ಲು ತೀರದಲ್ಲಿ ಸಲಕರಣೆಯನ್ನು ಗೊತ್ತುಮಾಡಬೇಕಾದುದು ಮೀನಿನ ತೂಕವಷ್ಟೇ ಅಲ್ಲ; ನಾವು ನಿಲ್ಲುವ ಬಂಡೆ ಮತ್ತು ಅಲ್ಲಿ ನಮ್ಮ ಕಾಲು ತಡೆಯಬಲ್ಲ ಸೆಳೆತ. ಇದನ್ನು ಮರೆತರೆ ನಷ್ಟವಾಗುವುದು ಬರಿಯ ಮೀನಲ್ಲ, ಪ್ರಾಣವೂ ಹೋಗಬಹುದು.

1. ನಿಲ್ಲುವ ನೆಲೆಯ ಪರೀಕ್ಷೆ

ಹಣ ಖರ್ಚುಮಾಡುವ ಮೊದಲು ಸ್ಥಳವನ್ನು ಬರಿಗೈಯಲ್ಲಿ ಒಮ್ಮೆ ನೋಡಿಬರುವುದು ಉತ್ತಮ. ಆಗ ಮೂರು ಸಂಗತಿಗಳನ್ನು ಗುರುತಿಸಿಕೊಳ್ಳಬೇಕು.

ಮೊದಲನೆಯದು, ನಿಲ್ಲುವ ಜಾಗವು ನೀರಿನ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ತಗ್ಗಿನ ಬಂಡೆಯಲ್ಲಿ ಮೀನನ್ನು ದಡಕ್ಕೆ ತರುವುದು ಸುಲಭ, ಆದರೆ ಅಲೆಯ ಅಪಾಯ ಹೆಚ್ಚು. ಎತ್ತರದ ಬಂಡೆಯಲ್ಲಿ ಅಲೆಯ ಅಪಾಯ ಕಡಿಮೆ, ಆದರೆ ಮೀನನ್ನು ಮೇಲೆತ್ತುವುದು ಕಷ್ಟ. ಎರಡನೆಯದು, ಬಂಡೆಯ ಅಂಚಿನಿಂದ ಮುಂದಕ್ಕೆ ನೀರಿನೊಳಗೆ ಕಲ್ಲುಗಳು ಎಷ್ಟು ದೂರ ಚಾಚಿವೆ ಎಂಬುದು. ದಾರವು ಉಜ್ಜಿ ಹರಿಯುವುದು ಈ ಕಲ್ಲುಗಳಿಗೇ. ಮೂರನೆಯದು, ಹಿಡಿದ ಮೀನನ್ನು ಎಲ್ಲಿಂದ ಮೇಲೆ ತರಬಹುದು ಎಂಬುದು. ಇದಕ್ಕೆ ಉತ್ತರ ದೊರೆಯದ ಬಂಡೆಯಲ್ಲಿ ಗಾಳ ಬೀಸಲೇಬಾರದು.

ಉಬ್ಬರವಿಳಿತದ ಪ್ರಮಾಣವು ಊರಿನಿಂದ ಊರಿಗೆ ಬಹಳ ಭಿನ್ನವಾಗಿರುತ್ತದೆ. ಚೆನ್ನೈನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ವ್ಯತ್ಯಾಸ ಒಂದು ಮೀಟರಿನ ಆಸುಪಾಸಿನಲ್ಲಿದ್ದರೆ, ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಸಮಯದಲ್ಲಿ ಅದು 4 ಮೀಟರನ್ನು ಮೀರುತ್ತದೆ. ಇಳಿತದಲ್ಲಿ ಒಣಗಿದ ಕಲ್ಲುಗಳ ಮೇಲೆ ಕಾಲಿಡುತ್ತಾ ಮುಂದಕ್ಕೆ ಹೋದವರಿಗೆ, ಉಬ್ಬರ ಬಂದಾಗ ಹಿಂದಿನ ದಾರಿಯೇ ಮುಳುಗಿರುವುದುಂಟು. ಚೆನ್ನೈನಲ್ಲಿ ಕಲಿತ ಅಂದಾಜನ್ನು ಮುಂಬಯಿಗೆ ಕೊಂಡೊಯ್ಯುವುದು ಅಪಾಯಕರ.

2. ಯಾವ ಮೀನು?

ಕಲ್ಲು ತೀರದ ಬೇಟೆಗಾರ ಮೀನುಗಳನ್ನು ಅವುಗಳ ಸ್ವಭಾವದ ಮೇಲೆ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಬಂಡೆಯ ಸಂದಿಯಲ್ಲಿ ಅಡಗಿದ್ದು, ಎರೆಯನ್ನು ಕಚ್ಚಿದೊಡನೆ ಸಂದಿಗೇ ಮರಳಲು ಯತ್ನಿಸುವ ಮುರು ಮೀನಿನಂತಹವು ಒಂದು ಗುಂಪು. ಇವುಗಳೊಡನೆ ಹೋರಾಟವು ಮೊದಲ ಕೆಲವು ಕ್ಷಣಗಳಲ್ಲೇ ತೀರ್ಮಾನವಾಗುತ್ತದೆ. ಹೊರಕ್ಕೆ, ಆಳದ ಕಡೆಗೆ ದೀರ್ಘವಾಗಿ ಓಡುವ ಟ್ರೆವಲಿ ಜಾತಿಯವು ಎರಡನೆಯ ಗುಂಪು; ತಮಿಳಿನಲ್ಲಿ ಇವಕ್ಕೆ ಪಾರೈ ಎನ್ನುತ್ತಾರೆ. ಚೂಪಾದ ಹಲ್ಲುಗಳಿಂದ ದಾರವನ್ನೇ ಕತ್ತರಿಸಬಲ್ಲ ಅಂಜಲ್ ಮತ್ತು ಬರಾಕುಡಾಗಳು ಮೂರನೆಯ ಗುಂಪು. ಅಂಜಲನ್ನು ಮುಂಬಯಿಯವರು ಸುರಮಯಿ ಎಂದೂ ಚೆನ್ನೈನವರು ವಂಜಿರಂ ಎಂದೂ ಕರೆಯುತ್ತಾರೆ.

ನದಿಯು ಸಮುದ್ರವನ್ನು ಸೇರುವ ಅಳಿವೆಗಳ ಬಳಿಯ ಕಲ್ಲುಗಳಲ್ಲಿ ದೊರೆಯುವ ಇನ್ನೊಂದು ದೊಡ್ಡ ಮೀನನ್ನು ಮಹಾರಾಷ್ಟ್ರದಲ್ಲಿ ಜಿತಾಡಾ, ತಮಿಳುನಾಡಿನಲ್ಲಿ ಕೊಡುವಾ, ಆಂಧ್ರದಲ್ಲಿ ಪಂಡುಗಪ್ಪ ಎನ್ನುತ್ತಾರೆ. ಇದರ ಕಿವಿರುಮುಚ್ಚಳದ ಅಂಚು ಅಲಗಿನಂತೆ ಹರಿತ. ತೆಳುವಾದ ದಾರ ಅದಕ್ಕೆ ತಾಗಿದರೆ ಉಳಿಯದು.

3. ಸೆಳೆತದ ಲೆಕ್ಕ

ರೀಲಿನ ಸುರುಳಿಯು ಎಷ್ಟು ಬಲಕ್ಕೆ ಜಾರಿ ದಾರವನ್ನು ಬಿಟ್ಟುಕೊಡಬೇಕೆಂಬುದನ್ನು ಹೊಂದಿಸುವ ತಡೆಗೆ ಡ್ರ್ಯಾಗ್ ಎಂದು ಹೆಸರು. ಉಳಿದೆಲ್ಲ ಆಯ್ಕೆಗಳಿಗೂ ಇದೇ ಅಡಿಪಾಯ. ದಾರ ಕಡಿಯುವ ಬಲದ ಮೂರನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ತಡೆಯನ್ನು ಇರಿಸುವುದು ರೂಢಿಯ ನಿಯಮ.

ಉದಾಹರಣೆಗೆ, 50 ಪೌಂಡ್ ಎಂದು ಗುರುತಿಸಿದ ದಾರವು ಸುಮಾರು 22.7 ಕಿಲೋ ಬಲಕ್ಕೆ ಕಡಿಯುತ್ತದೆ. ಗಂಟಿನಲ್ಲಿ ಐದನೆಯ ಒಂದು ಭಾಗ ಬಲ ನಷ್ಟವಾಗುತ್ತದೆಂದು ಹಿಡಿದರೆ ಉಳಿಯುವುದು ಸುಮಾರು 18 ಕಿಲೋ. ಇದರ ಮೂರನೆಯ ಒಂದು ಭಾಗವೆಂದರೆ 6 ಕಿಲೋ.

ಆರು ಕಿಲೋ ಎಂಬುದು ಕೇಳಲು ಅಲ್ಪವಾಗಿ ತೋರಬಹುದು. ಆದರೆ ಗಾಳದ ಕೋಲು ಒಂದು ಸನ್ನೆ. ಸೆಳೆತವು ಕೋಲಿನ ತುದಿಯಲ್ಲಿದ್ದು, ಅದನ್ನು ತಡೆಯುವ ಕೈಗಳು ಬುಡದಲ್ಲಿರುತ್ತವೆ. ಆದುದರಿಂದ ಕೋಲು ಉದ್ದವಾದಷ್ಟೂ ಮೀನಿನ ಪಕ್ಷಕ್ಕೆ ಬಲ ಕೂಡುತ್ತದೆ. ದೋಣಿಯಲ್ಲಿ ಗಿಡ್ಡ ಕೋಲು ಹಿಡಿದು 10 ಕಿಲೋ ತಡೆಯನ್ನು ನಿಭಾಯಿಸಿದವರಿಗೂ ಪಾಚಿಗಟ್ಟಿದ ಬಂಡೆಯ ಮೇಲೆ ಮೂರು ಮೀಟರಿನ ಕೋಲಿನಲ್ಲಿ ಅದು ಸಾಧ್ಯವಾಗದೆ ಹೋಗಬಹುದು.

ಇದನ್ನು ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಹುಸಿ ಎರೆಯನ್ನು ತೆಗೆದುಹಾಕಿ, ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಜೊತೆಗಾರರೊಬ್ಬರ ಕೈಗೆ ಕೊಡಬೇಕು. ಕೋಲನ್ನು ಓರೆಯಾಗಿ ಹಿಡಿದು ನಿಂತು, ಅವರು ಎಳೆಯುವಾಗ ಡ್ರ್ಯಾಗನ್ನು ಸ್ವಲ್ಪಸ್ವಲ್ಪವಾಗಿ ಬಿಗಿಗೊಳಿಸುತ್ತಾ ಹೋಗಬೇಕು. ಹಿಮ್ಮಡಿ ಕದಲುವ ಹಂತದಲ್ಲಿ ತಕ್ಕಡಿ ತೋರುವ ಅಂಕಿಯನ್ನು ಗುರುತಿಟ್ಟುಕೊಳ್ಳಬೇಕು. ಸಮತಟ್ಟಾದ ಒಣನೆಲದಲ್ಲಿ ದೊರೆತ ಈ ಅಂಕಿಗಿಂತ ಬಂಡೆಯ ಮೇಲೆ ಇರಿಸುವ ತಡೆಯು ಸಾಕಷ್ಟು ಕಡಿಮೆಯಾಗಿರಬೇಕು. ಅದಕ್ಕಿಂತ ಬಲವಾದ ಸಲಕರಣೆಯನ್ನು ಕೊಂಡರೂ ಆ ಹೆಚ್ಚಿನ ಬಲ ಉಪಯೋಗಕ್ಕೆ ಬಾರದು.

4. ಕೋಲು ಮತ್ತು ರೀಲು

ಕಲ್ಲು ತೀರಕ್ಕೆ 10 ಅಡಿ, ಅಂದರೆ ಸುಮಾರು 3 ಮೀಟರಿನ ಕೋಲು ಸಾಮಾನ್ಯವಾಗಿ ಯೋಗ್ಯ. ಎರೆಯನ್ನು ದೂರಕ್ಕೆ ಬೀಸುವುದಷ್ಟೇ ಅದರ ಕೆಲಸವಲ್ಲ. ಅಂಚಿನಿಂದ ಹಿಂದೆ ನಿಂತಿದ್ದರೂ ದಾರವು ಮುಂದಿನ ಕಲ್ಲುಗಳಿಗೆ ತಾಗದಂತೆ ಎತ್ತಿ ಹಿಡಿಯಲು ಆ ಉದ್ದ ಬೇಕು. ಅದಕ್ಕಿಂತ ಉದ್ದದ ಕೋಲು ಅಗಲವಾದ ತಗ್ಗು ಬಂಡೆಗಳಿಗೆ ಮಾತ್ರ ಸೂಕ್ತ.

ಕೋಲಿನ ಮೇಲೆ ಅದು ಬೀಸಬಲ್ಲ ಎರೆಯ ತೂಕವನ್ನು ಮುದ್ರಿಸಿರುತ್ತಾರೆ. ಮೊದಲ ಬಾರಿಗೆ ಕೊಳ್ಳುವವರಿಗೆ 30ರಿಂದ 80 ಗ್ರಾಂ ತೂಕದ ಎರೆಗಳನ್ನು ಬೀಸಬಲ್ಲ ಕೋಲು ಬಹುತೇಕ ಸಂದರ್ಭಗಳಿಗೆ ಸಾಕಾಗುತ್ತದೆ. ನೂರು ಗ್ರಾಂ ಮೀರಿದ ಎರೆಗಳನ್ನು ಬೀಸುವ ಭಾರಿ ಕೋಲುಗಳು ದಿನವಿಡೀ ಬೀಸುವಾಗ ಬೇಗ ಆಯಾಸ ತರುತ್ತವೆ. ದಣಿದ ಕಾಲು ಬಂಡೆಯ ಮೇಲೆ ಜಾರುವ ಕಾಲು.

ರೀಲುಗಳ ಗಾತ್ರವನ್ನು ಅಂಕಿಗಳಲ್ಲಿ ಸೂಚಿಸುತ್ತಾರೆ. ಈ ಬಗೆಯ ಕೋಲಿಗೆ 6000ದಿಂದ 8000 ಗಾತ್ರದವು ಹೊಂದುತ್ತವೆ. ಅಂಕಿಯ ಅರ್ಥವು ತಯಾರಕರಿಂದ ತಯಾರಕರಿಗೆ ಸ್ವಲ್ಪ ಬದಲಾಗುವುದರಿಂದ, ಆಯ್ದ ದಾರವು ಕನಿಷ್ಠ 250 ಮೀಟರಿನಷ್ಟು ಹಿಡಿಸುವುದೇ ಎಂದು ಕೇಳಿ ಕೊಳ್ಳಬೇಕು. ಡ್ರ್ಯಾಗಿನ ಗರಿಷ್ಠ ಬಲಕ್ಕಿಂತ ಅದು ತಡೆಯದೆ ಸಮನಾಗಿ ಜಾರುವುದು ಮುಖ್ಯ. ಎಳೆದಾಗ ಜಗ್ಗಿ ಜಗ್ಗಿ ಬಿಡುವ ಡ್ರ್ಯಾಗು ದಾರವನ್ನು ಕಡಿಸುತ್ತದೆ. ಉಪ್ಪುನೀರಿನ ಸಿಂಪಡಿಕೆಯಿಂದ ರೀಲು ಬೇಗ ಕೆಡುವುದರಿಂದ, ಪ್ರತಿ ಬಳಕೆಯ ನಂತರ ಡ್ರ್ಯಾಗಿನ ತಿರುಪನ್ನು ಬಿಗಿದು, ಸಿಹಿನೀರಿನಿಂದ ಮೆಲ್ಲಗೆ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮೇಲೆ ತಿರುಪನ್ನು ಸಡಿಲಿಸಿಡಬೇಕು.

5. ದಾರ, ಲೀಡರ್ ಮತ್ತು ಗಂಟು

ಪಾಲಿಎಥಿಲೀನ್ ಎಳೆಗಳಿಂದ ಹೆಣೆದ ದಾರವು ಈಗ ಸಾರ್ವತ್ರಿಕ ಬಳಕೆಯಲ್ಲಿದೆ. ಅದರ ದಪ್ಪವನ್ನು ಪಿಇ ಎಂಬ ಜಪಾನಿ ಕ್ರಮದ ಅಂಕಿಗಳಿಂದ ಅಳೆಯುತ್ತಾರೆ. ಪಿಇ 1ರ ದಪ್ಪ ಸುಮಾರು 0.165 ಮಿಲಿಮೀಟರ್, ಪಿಇ 4ರ ದಪ್ಪ ಅದರ ಎರಡರಷ್ಟು, ಅಂದರೆ 0.33 ಮಿಲಿಮೀಟರ್. ಇದೇ ದಪ್ಪದ ನೈಲಾನ್ ದಾರಕ್ಕಿಂತ ಹೆಣೆದ ದಾರದ ಬಲ ಬಹಳ ಹೆಚ್ಚು. ಹಿಗ್ಗುವುದೂ ಅತ್ಯಲ್ಪವಾದುದರಿಂದ ಮೀನಿನ ಸೂಕ್ಷ್ಮ ಸ್ಪರ್ಶವೂ ಕೈಗೆ ತಿಳಿಯುತ್ತದೆ. ಕಲ್ಲು ತೀರದ ಸಾಧಾರಣ ಬಳಕೆಗೆ ಪಿಇ 3 ಅಥವಾ 4 ಸೂಕ್ತ.

ಆದರೆ ಈ ದಾರಕ್ಕೆ ಒಂದು ದೌರ್ಬಲ್ಯವಿದೆ. ಬಿಗಿಯಾಗಿ ಸೆಳೆದ ಸ್ಥಿತಿಯಲ್ಲಿ ಕಲ್ಲಿಗೆ ಅಥವಾ ಚಿಪ್ಪಿಗೆ ಉಜ್ಜಿದರೆ ಕ್ಷಣದಲ್ಲಿ ಹರಿಯುತ್ತದೆ. ಆದ್ದರಿಂದ ಎರೆಗೂ ದಾರಕ್ಕೂ ನಡುವೆ ದಪ್ಪವಾದ ನೈಲಾನ್ ಅಥವಾ ಫ್ಲೋರೋಕಾರ್ಬನ್ ತುಂಡನ್ನು ಜೋಡಿಸಬೇಕು. ಲೀಡರ್ ಎಂಬುದು ಇದೇ. ಮೇಲಿನ ಉದಾಹರಣೆಯ 50 ಪೌಂಡಿನ ದಾರಕ್ಕೆ 70ರಿಂದ 80 ಪೌಂಡಿನ, ಎರಡು ಮೀಟರ್ ಉದ್ದದ ಲೀಡರ್ ಹೊಂದುತ್ತದೆ. ಅಂಜಲ್, ಬರಾಕುಡಾಗಳು ಇರುವ ಕಡೆ ಎರೆಯ ಮುಂದೆ ಒಂದು ಗೇಣಿನಷ್ಟು ಉಕ್ಕಿನ ತಂತಿ ಬೇಕಾಗುತ್ತದೆ. ಬೀಸು ಬೀಸಿಗೂ ಲೀಡರನ್ನು ಬೆರಳುಗಳ ನಡುವೆ ಜಾರಿಸಿ ನೋಡಿ, ಒರಟಾದ ಭಾಗವನ್ನು ಕತ್ತರಿಸಿ ಹೊಸದಾಗಿ ಕಟ್ಟಬೇಕು.

ದಾರ ಮತ್ತು ಲೀಡರನ್ನು ಜೋಡಿಸಲು ಎಫ್‌ಜಿ ಎಂಬ ಗಂಟು ಪ್ರಸಿದ್ಧ. ಲೀಡರಿನ ಸುತ್ತ ಹೆಣೆದ ದಾರವನ್ನು ಅಡ್ಡಡ್ಡ ಸುತ್ತಿ ಬಿಗಿಯುವ ಈ ಗಂಟು ತೆಳುವಾಗಿದ್ದು, ಕೋಲಿನ ಉಂಗುರಗಳಲ್ಲಿ ಸರಾಗವಾಗಿ ಹಾಯುತ್ತದೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬೇಕು. ಗಾಳಿ ಬೀಸುವ ಬಂಡೆಯ ಮೇಲೆ ಕಲಿಯಲಾಗದು.

ಸಲಕರಣೆಯೆಲ್ಲವೂ ಒಂದು ಸರಪಳಿಯಾದರೆ, ಅದರಲ್ಲಿ ಯಾವ ಕೊಂಡಿ ಮೊದಲು ಸೋಲಬೇಕೆಂಬುದನ್ನು ನಾವೇ ಗೊತ್ತುಮಾಡಬೇಕು. ಲೀಡರಿನ ಗಂಟಿನ ಬಳಿ ಕಡಿಯುವಂತೆ ಹೊಂದಿಸಿದರೆ ತಪ್ಪಿಸಿಕೊಂಡ ಮೀನು ಎರಡು ಮೀಟರಿನ ತುಂಡನ್ನಷ್ಟೇ ಒಯ್ಯುತ್ತದೆ. ಬೇರೆಲ್ಲೋ ಕಡಿದರೆ ನೂರು ಮೀಟರ್ ದಾರ ಕಲ್ಲಿಗೆ ಸುತ್ತಿಕೊಂಡು ಉಳಿದು, ಆಮೆಗಳಿಗೂ ಹಕ್ಕಿಗಳಿಗೂ ಉರುಳಾಗುತ್ತದೆ.

6. ಹುಸಿ ಎರೆ ಮತ್ತು ಮುಳ್ಳು

ಆರಂಭಕ್ಕೆ ಮೂರು ಬಗೆಯ ಎರೆಗಳು ಸಾಕು. ನೀರಿನ ಮೇಲೆ ಹೊರಳುತ್ತಾ ಬರುವ ಪೆನ್ಸಿಲ್ ಅಥವಾ ನೀರನ್ನು ಚಿಮ್ಮಿಸುವ ಪಾಪರ್ ಒಂದು. ಸ್ವಲ್ಪ ಕೆಳಗೆ ಈಜುವ ಮಿನೋ ಇನ್ನೊಂದು. ಆಳದ ನೀರಿಗೆ ಲೋಹದ ಜಿಗ್ ಮತ್ತೊಂದು. ಮುಳುಗಿದ ಕಲ್ಲುಗಳು ಹೆಚ್ಚಿರುವ ಕಡೆ ತೇಲುವ ಎರೆಯೇ ಲೇಸು. ಸುರುಳಿ ಸುತ್ತುವುದನ್ನು ನಿಲ್ಲಿಸಿದರೆ ಅದು ಮೇಲಕ್ಕೆ ಬರುವುದರಿಂದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಲೋಹದ ಜಿಗ್ಗನ್ನು ಅಂಚಿನಲ್ಲೇ ಆಳವಿರುವ ಬಂಡೆಗಳಿಗೆ ಮೀಸಲಿಡಬೇಕು.

ಎರೆಯೊಡನೆ ಬರುವ ಮುಳ್ಳು ಮತ್ತು ಉಂಗುರಗಳು ಎಷ್ಟೋ ವೇಳೆ ತೆಳುವಾಗಿರುತ್ತವೆ. ದುಬಾರಿ ಕೋಲು, ರೀಲುಗಳಿದ್ದೂ ನೆಟ್ಟಗಾದ ಮುಳ್ಳಿನಿಂದ ಮೀನು ತಪ್ಪುವುದು ಸಾಮಾನ್ಯ ಅನುಭವ. ಅವನ್ನು ಬಲವಾದವುಗಳಿಂದ ಬದಲಾಯಿಸಿ, ಎರೆಯ ಚಲನೆ ಕೆಡಲಿಲ್ಲವೆಂದು ನೀರಿನಲ್ಲಿ ನೋಡಿಕೊಳ್ಳಬೇಕು. ಮೂರು ಕವಲಿನ ಮುಳ್ಳಿಗಿಂತ ಒಂಟಿ ಮುಳ್ಳು ಕಲ್ಲಿಗೆ ಸಿಕ್ಕುವುದು ಕಡಿಮೆ; ಮೀನನ್ನು ಬಿಡಿಸುವುದೂ ಸುಲಭ; ಕೈಗೆ ಚುಚ್ಚುವ ಭಯವೂ ಕಡಿಮೆ.

7. ಮೀನನ್ನು ದಡಕ್ಕೆ ತರುವುದು

ಹತ್ತು ಕಿಲೋ ತೂಗುವ ಮೀನು ನೀರಿನಲ್ಲಿರುವವರೆಗೆ ಅದರ ಭಾರವನ್ನು ನೀರು ಹೊರುತ್ತದೆ. ನೀರಿನಿಂದ ಮೇಲೆದ್ದ ಕ್ಷಣವೇ ಪೂರ್ಣ ಭಾರ ಕೋಲಿನ ಮೇಲೆ ಬೀಳುತ್ತದೆ. ಹೀಗೆ ಎತ್ತಿದಾಗ ಮುರಿದ ಕೋಲುಗಳು ಅನೇಕ. ಆದುದರಿಂದ ಉದ್ದ ಹಿಡಿಯ ಬಲೆ ಅಥವಾ ಗ್ಯಾಫ್ ಎನ್ನುವ ಕೊಕ್ಕೆಗೋಲು ಸಲಕರಣೆಯ ಪಟ್ಟಿಯಲ್ಲಿ ಕೊನೆಯದಾಗಿರದೆ ಆರಂಭದಲ್ಲೇ ಇರಬೇಕು. ಮೀನನ್ನು ತಿರುಗಿ ನೀರಿಗೆ ಬಿಡುವ ಉದ್ದೇಶವಿದ್ದರೆ ಬಲೆಯನ್ನೇ ಬಳಸಬೇಕು. ತಗ್ಗು ಬಂಡೆಯಲ್ಲಿ, ಏರುವ ಅಲೆಯೊಡನೆ ಮೀನನ್ನು ಮೇಲಕ್ಕೆ ಜಾರಿಸಿ, ಅಲೆ ಹಿಂಜರಿಯುವಾಗ ಸೆಳೆಯದೆ ತಡೆದು ಹಿಡಿಯುವುದು ಕ್ರಮ. ಅಲೆಯ ವಿರುದ್ಧ ಎಳೆಯಬಾರದು. ಮೀನಿಗಾಗಿ ನೀರಿನ ಅಂಚಿಗೆ ಇಳಿಯಲೇಬಾರದು.

ಮೀನು ದಾರವನ್ನೆಲ್ಲ ಒಯ್ಯುವಂತಿದ್ದರೆ ಅದರ ಹಿಂದೆ ಬಂಡೆಯಿಂದ ಬಂಡೆಗೆ ಓಡುವುದು ಸಲ್ಲದು. ಕೋಲನ್ನು ಮೀನಿನತ್ತ ನೇರವಾಗಿ ಚಾಚಿ, ಡ್ರ್ಯಾಗನ್ನು ಪೂರ್ತಿ ಬಿಗಿದು, ದಾರವನ್ನು ಕಡಿಸಿಬಿಡಬೇಕು. ದಾರವನ್ನು ಕೈಗೆ ಸುತ್ತಿಕೊಂಡು ಎಳೆದರೆ ಬೆರಳು ಕತ್ತರಿಸಿಹೋಗಬಹುದು.

8. ಕಡಲಿನ ಸೂಚನೆಗಳು

ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಗಳಿಂದ ಎದ್ದ ಉದ್ದಲೆಗಳು ಕೆಲವು ದಿನಗಳ ನಂತರ ನಮ್ಮ ತೀರವನ್ನು ಮುಟ್ಟುತ್ತವೆ. ಆ ವೇಳೆ ಇಲ್ಲಿ ಗಾಳಿಯಾಗಲಿ ಮೋಡವಾಗಲಿ ಇರಬೇಕೆಂದಿಲ್ಲ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಎಂದು ಹೆಸರಿಟ್ಟಿದ್ದಾರೆ. ಕಳ್ಳನಂತೆ ಬರುವ ಕಡಲು ಎಂಬ ಅರ್ಥ ಕನ್ನಡಿಗರಿಗೂ ಸ್ಪಷ್ಟ. 2024ರ ಮೇ ತಿಂಗಳಲ್ಲಿ ಇಂತಹ ಎಚ್ಚರಿಕೆ ಜಾರಿಯಲ್ಲಿದ್ದಾಗಲೇ ಕನ್ಯಾಕುಮಾರಿ ಜಿಲ್ಲೆಯ ತೀರದಲ್ಲಿ ಐವರು ಯುವ ವೈದ್ಯರು ಅಲೆಗಳಿಗೆ ಸಿಕ್ಕಿ ಮೃತಪಟ್ಟರು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಈ ಉದ್ದಲೆಗಳ ಬಗ್ಗೆ ಮುನ್ಸೂಚನೆ ನೀಡುತ್ತದೆ. ಹೊರಡುವ ಮೊದಲು ಅದನ್ನು ನೋಡುವುದು ಕಡ್ಡಾಯವೆಂದೇ ಭಾವಿಸಬೇಕು. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ತೀರದ ಬಂಡೆಗಳಿಗೆ ಹೋಗಲೇಬಾರದು.

ಸ್ಥಳ ತಲುಪಿದ ಮೇಲೂ ಅರ್ಧ ಗಂಟೆ ದೂರದಿಂದ ಅಲೆಗಳನ್ನು ಗಮನಿಸಬೇಕು. ಒದ್ದೆಯಾಗಿರುವ ಬಂಡೆಗೆ ಅಲೆ ಬಂದು ಹೋಗಿದೆ, ಮತ್ತೆಯೂ ಬರುತ್ತದೆ. ಲೈಫ್ ಜಾಕೆಟ್, ಹಿಡಿತವುಳ್ಳ ಪಾದರಕ್ಷೆ ಹಾಗೂ ಜೊತೆಗಾರರಿಲ್ಲದೆ ಹೋಗಬಾರದು. ಸಮುದ್ರಕ್ಕೆ ಬೆನ್ನು ತೋರಬಾರದು. ಯಾರಾದರೂ ಬಿದ್ದರೆ ಅವರು ಬಂಡೆಯಿಂದ ದೂರಕ್ಕೆ ಈಜಿ ತೇಲುತ್ತಿರಬೇಕು. ಜೊತೆಗಾರರು ನೀರಿಗೆ ಹಾರದೆ ಹಗ್ಗವನ್ನೋ ಮುಚ್ಚಿದ ಖಾಲಿ ಡಬ್ಬವನ್ನೋ ಎಸೆದು, 112 ಅಥವಾ ತಟರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬೇಕು.

1987ರಲ್ಲಿ ಘೋಷಿತವಾದ ಮಾಲವಣ ಸಾಗರ ಅಭಯಾರಣ್ಯದಂತಹ ಸಂರಕ್ಷಿತ ಪ್ರದೇಶಗಳಲ್ಲಿಯೂ ಬಂದರುಗಳ ಆವರಣದಲ್ಲಿಯೂ ನಿರ್ಬಂಧಗಳಿರುತ್ತವೆ. ಕೇರಳ, ಮಹಾರಾಷ್ಟ್ರ ಮೊದಲಾದ ರಾಜ್ಯಗಳು ಹಲವು ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ಗೊತ್ತುಮಾಡಿವೆ. ಆಯಾ ಜಿಲ್ಲೆಯ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ ತಿಳಿಯಬೇಕು.

ಸಾರಾಂಶ

ಆಯ್ಕೆಯ ಸರಿಯಾದ ಕ್ರಮ ಹೀಗಿದೆ: ಮೊದಲು ಬಂಡೆ, ಬಳಿಕ ಮೀನನ್ನು ಮೇಲೆ ತರುವ ದಾರಿ, ಬಳಿಕ ಕಾಲು ತಡೆಯಬಲ್ಲ ಸೆಳೆತ, ಆ ಸೆಳೆತಕ್ಕೆ ತಕ್ಕ ದಾರ, ದಾರಕ್ಕೆ ತಕ್ಕ ರೀಲು ಮತ್ತು ಕೋಲು, ಕೊನೆಗೆ ಎರೆ. ಹಣ ಮಿತವಾಗಿದ್ದರೆ ಮೊದಲ ಖರ್ಚು ಲೈಫ್ ಜಾಕೆಟ್ ಮತ್ತು ಪಾದರಕ್ಷೆಗಳಿಗೆ, ಎರಡನೆಯದು ದಾರ ಮತ್ತು ಮುಳ್ಳುಗಳಿಗೆ ಸಲ್ಲಬೇಕು. ಕೋಲು ಸಾಧಾರಣವಾಗಿದ್ದರೂ ನಡೆಯುತ್ತದೆ.

ಅಭ್ಯಾಸ

1. ನೀವು ಹೋಗಬೇಕೆಂದಿರುವ ತೀರದಲ್ಲಿ ಉಬ್ಬರವಿಳಿತದ ವ್ಯತ್ಯಾಸ ಎಷ್ಟು? ಉಬ್ಬರದಲ್ಲಿ ನಿಮ್ಮ ಹಿಂದಿರುಗುವ ದಾರಿ ಉಳಿದಿರುತ್ತದೆಯೇ?
2. 40 ಪೌಂಡಿನ ದಾರಕ್ಕೆ, ಗಂಟಿನ ನಷ್ಟವನ್ನು ಕಳೆದು, ಎಷ್ಟು ಡ್ರ್ಯಾಗ್ ಇರಿಸಬಹುದೆಂದು ಲೆಕ್ಕಹಾಕಿರಿ. ಅಂಗಳದ ಪರೀಕ್ಷೆಯಲ್ಲಿ ಅಷ್ಟನ್ನು ನೀವು ತಡೆಯಬಲ್ಲಿರಾ?
3. ನಿಮ್ಮ ಸಲಕರಣೆಯ ಸರಪಳಿಯಲ್ಲಿ ಮೊದಲು ಸೋಲುವ ಕೊಂಡಿ ಯಾವುದು?